ಅಲೆಕ್ಸಾಂಡರ್ ಮತ್ತು ಅವನು ತುಳಿದ ನಾಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಲೆಕ್ಸಾಂಡರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಎರಡೇ ಸಂಗತಿ. ಒಂದು, ಪೋರಸ್ ಜೊತೆ ಆದ ಯುದ್ಧ. ಇನ್ನೊಂದು, ಸತ್ತಾಗ ಹೊರಗೆ ಚಾಚಿದ್ದ ಖಾಲಿ ಕೈ. ಅವೆರಡರ ಬಗ್ಗೆಯೂ ಕೆಳಗೆ ಬರೆದಿದ್ದೇನೆ. ಆದರೆ ಅವನು ದಾಟಿ ಹೋದ ಊರುಗಳಲ್ಲಿ ಯಾರಿದ್ದರು, ಅವರು ಅವನನ್ನು ಏನೆಂದು ನೆನಪಿಟ್ಟುಕೊಂಡರು ಅನ್ನುವುದು ನನ್ನನ್ನು ಜಾಸ್ತಿ ಕಾಡುವ ವಿಷಯ. ಹಾಗಾಗಿ ಉತ್ತರಗಳು ಆ ಕಡೆಗೇ ಸ್ವಲ್ಪ ವಾಲಿವೆ.

ಅಲೆಕ್ಸಾಂಡರ್ ಗ್ರೀಕನೇ?

ಹುಟ್ಟಿದ್ದು ಕ್ರಿ.ಪೂ. 356ರಲ್ಲಿ, ಗ್ರೀಸಿನ ಉತ್ತರಕ್ಕಿದ್ದ ಮ್ಯಾಸಿಡೋನಿಯ ರಾಜ್ಯದ ಪೆಲ್ಲಾ ಎಂಬ ಊರಿನಲ್ಲಿ. ಅಪ್ಪ ಎರಡನೇ ಫಿಲಿಪ್, ಅಮ್ಮ ಒಲಿಂಪಿಯಾಸ್. ಅಥೆನ್ಸಿನ ಕೆಲವರ ಕಣ್ಣಿಗೆ ಮ್ಯಾಸಿಡೋನಿಯದವರು ಒರಟರು, ಹೊರಗಿನವರು. ಆದರೆ ಆ ರಾಜಮನೆತನ ತನ್ನದು ಗ್ರೀಕ್ ಮೂಲ ಎಂದೇ ಹೇಳಿಕೊಳ್ಳುತ್ತಿತ್ತು. ಮಗನಿಗೆ ಪಾಠ ಹೇಳಲು ಫಿಲಿಪ್ ಕರೆಸಿದ್ದು ಅರಿಸ್ಟಾಟಲ್‌ನನ್ನು. ಹೋಮರನ ಕಾವ್ಯದ ಪ್ರತಿಯೊಂದನ್ನು ಅಲೆಕ್ಸಾಂಡರ್ ಕಠಾರಿಯ ಜೊತೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಎಂದು ಅವನ ಜೀವನಚರಿತ್ರೆ ಬರೆದ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳಿದ್ದಾನೆ.

ಅಷ್ಟು ಚಿಕ್ಕ ರಾಜ್ಯದಿಂದ ಬಂದು ಪರ್ಷಿಯದಂಥ ಸಾಮ್ರಾಜ್ಯವನ್ನು ಹೇಗೆ ಗೆದ್ದ?

ಅರ್ಧ ಕೆಲಸವನ್ನು ಅಪ್ಪ ಮುಗಿಸಿಟ್ಟಿದ್ದ. ರೈತರನ್ನೂ ಕುರಿಗಾಹಿಗಳನ್ನೂ ಕಟ್ಟಿಕೊಂಡು ವರ್ಷವಿಡೀ ಕವಾಯತು ಮಾಡುವ ಸೈನ್ಯ ಬೆಳೆಸಿದವನು ಫಿಲಿಪ್. ಅವರ ಕೈಯಲ್ಲಿ ಸರಿಸ್ಸಾ ಎಂಬ ಈಟಿ. ಉದ್ದ ಹತ್ತಿರ ಹತ್ತಿರ ಐದಾರು ಮೀಟರ್. ಸಾಲು ಸಾಲಾಗಿ ನಿಂತು ಈ ಈಟಿಗಳನ್ನು ಮುಂದಕ್ಕೆ ಚಾಚಿದರೆ ಎದುರಿನವನು ಹತ್ತಿರ ಬರುವ ಮಾತೇ ಇಲ್ಲ. ಶತ್ರು ಅಲ್ಲಿ ಸಿಕ್ಕಿಹಾಕಿಕೊಂಡಾಗ ಪಕ್ಕದಿಂದ ಕುದುರೆ ಸವಾರರು ನುಗ್ಗುತ್ತಿದ್ದರು. ಆ ನುಗ್ಗಿನಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವನು ಅಲೆಕ್ಸಾಂಡರನೇ.

ಕ್ರಿ.ಪೂ. 336ರಲ್ಲಿ ಫಿಲಿಪ್‌ನ ಕೊಲೆಯಾಯಿತು. 20 ವರ್ಷದ ಮಗ ಪಟ್ಟಕ್ಕೆ ಬಂದ. 334ರಲ್ಲಿ ಸುಮಾರು 40 ಸಾವಿರ ಜನರೊಂದಿಗೆ ಕಡಲ ಕಾಲುವೆ ದಾಟಿ ಏಷ್ಯಾಕ್ಕೆ ಕಾಲಿಟ್ಟ. ಗ್ರಾನಿಕಸ್ ನದಿ, ಇಸ್ಸಸ್, ಗಾಗಮೇಲ ಎಂದು ಮೂರು ದೊಡ್ಡ ಕಾಳಗ. 331ರ ಹೊತ್ತಿಗೆ ಪರ್ಷಿಯದ ಮೂರನೇ ಡೇರಿಯಸ್ ರಾಜ್ಯ ಬಿಟ್ಟು ಓಡುತ್ತಿದ್ದ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅಲೆಕ್ಸಾಂಡರ್ ಸಾಮ್ರಾಜ್ಯ ಕಟ್ಟಲಿಲ್ಲ, ಕಟ್ಟಿದ್ದನ್ನು ಕಿತ್ತುಕೊಂಡ. ರಸ್ತೆ, ಅಂಚೆ ಕುದುರೆ, ಪ್ರಾಂತ್ಯಗಳು, ತೆರಿಗೆಯ ಲೆಕ್ಕ ಎಲ್ಲವೂ ಪರ್ಷಿಯನ್ನರು 200 ವರ್ಷ ನಡೆಸಿಕೊಂಡು ಬಂದದ್ದು. ಅವನು ಮಾಡಿದ್ದು ಅದರ ತಲೆಯ ಮೇಲೆ ತಾನು ಕೂತದ್ದು. ಅನೇಕ ಕಡೆ ಹಳೆಯ ಅಧಿಕಾರಿಗಳನ್ನೇ ಮುಂದುವರಿಸಿದ.

ಪರ್ಷಿಯನ್ನರು ಅಂದರೆ ಬರೀ ಸೋತವರೇ?

ಖಂಡಿತ ಅಲ್ಲ. ಶಾಲೆಯಲ್ಲಿ ಓದುವಾಗ ಪರ್ಷಿಯ ಅಂದರೆ ಬಂಗಾರದ ರಥದಲ್ಲಿ ಕೂತು ಓಡಿಹೋದ ರಾಜ, ಅಷ್ಟೇ. ಇದನ್ನು ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ. 1933ರಲ್ಲಿ ಅವರ ರಾಜಧಾನಿಯಾಗಿದ್ದ ಪರ್ಸೆಪೊಲಿಸ್‌ನ ಕೋಟೆ ಗೋಡೆಯೊಳಗೆ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕಿದವು. ಅಲೆಕ್ಸಾಂಡರ್ ಬರುವುದಕ್ಕೆ ಸುಮಾರು 170 ವರ್ಷ ಮೊದಲಿನವು. ಅವುಗಳಲ್ಲಿ ಇರುವುದು ಯುದ್ಧದ ಕಥೆಯಲ್ಲ, ಪಡಿ ಲೆಕ್ಕ. ಯಾವ ಕೂಲಿಗೆ ಎಷ್ಟು ಬಾರ್ಲಿ, ಯಾರಿಗೆ ಎಷ್ಟು ದ್ರಾಕ್ಷಾರಸ. ಹೆರಿಗೆಯಾದ ಹೆಂಗಸಿಗೆ ಹೆಚ್ಚಿನ ಪಡಿ ಕೊಟ್ಟ ಲೆಕ್ಕವೂ ಇದೆ. ಮಗು ಗಂಡಾದರೆ ಜಾಸ್ತಿ, ಹೆಣ್ಣಾದರೆ ಕಡಿಮೆ. ಗ್ರೀಕ್ ಕೆಲಸಗಾರರೂ ಸಿಂಧೂ ಕಡೆಯಿಂದ ಬಂದ ಪ್ರಯಾಣಿಕರೂ ಅದೇ ಕಡತಗಳಲ್ಲಿ ಸಿಗುತ್ತಾರೆ. ಅಂದರೆ ಪೂರ್ವ ಪಶ್ಚಿಮ ಮೊದಲು ಭೇಟಿಯಾದದ್ದು ಅಲೆಕ್ಸಾಂಡರನ ಕತ್ತಿಯ ಮೊನೆಯಲ್ಲಿ ಅಲ್ಲ. ಅದಕ್ಕೂ ಮೊದಲೇ ಪಡಿ ತೆಗೆದುಕೊಳ್ಳುವ ಸಾಲಿನಲ್ಲಿ ಅಕ್ಕಪಕ್ಕ ನಿಂತಿದ್ದರು.

ಈಜಿಪ್ಟಿನವರು ಅವನನ್ನು ಯಾಕೆ ಸ್ವಾಗತಿಸಿದರು?

ಅವರಿಗೆ ಪರ್ಷಿಯನ್ನರ ಆಳ್ವಿಕೆ ಸಾಕಾಗಿತ್ತು. 332ರ ಕೊನೆಯಲ್ಲಿ ಪರ್ಷಿಯದ ಅಧಿಕಾರಿ ಯುದ್ಧವಿಲ್ಲದೆ ನಾಡನ್ನು ಬಿಟ್ಟುಕೊಟ್ಟ. ಅಲೆಕ್ಸಾಂಡರ್ ಅಲ್ಲಿನ ಅಪಿಸ್ ಎಂಬ ಪವಿತ್ರ ಹೋರಿಗೆ ಪೂಜೆ ಸಲ್ಲಿಸಿದ. ಲಕ್ಸರ್ ದೇವಸ್ಥಾನದ ಗರ್ಭಗುಡಿಯ ಗೋಡೆಯಲ್ಲಿ ಇವತ್ತಿಗೂ ಅವನು ಅಪ್ಪಟ ಫೇರೋ ವೇಷದಲ್ಲಿ ಅಮುನ್ ದೇವರ ಮುಂದೆ ನಿಂತಿದ್ದಾನೆ. ಹೆಸರು ಓದದಿದ್ದರೆ ಯಾರೋ ಈಜಿಪ್ಟಿನ ರಾಜನೆಂದೇ ಅನ್ನಬೇಕು. ಗೆದ್ದವನನ್ನು ತಮ್ಮ ಗೋಡೆಯೊಳಗೆ, ತಮ್ಮ ಪದ್ಧತಿಯಂತೆ ಕೆತ್ತಿಟ್ಟುಕೊಂಡರು.

ಅಲೆಕ್ಸಾಂಡ್ರಿಯ ಪಟ್ಟಣದ ಗೆರೆ ಹಾಕಿದ್ದೂ ಆಗಲೇ. ಗೆರೆ ಎಳೆಯಲು ಸುಣ್ಣದ ಪುಡಿ ಸಾಕಾಗಲಿಲ್ಲವಂತೆ. ಸೈನಿಕರ ಊಟಕ್ಕಿದ್ದ ಬಾರ್ಲಿ ಹಿಟ್ಟನ್ನೇ ತಂದು, ನಾವು ಅಂಗಳದಲ್ಲಿ ರಂಗೋಲಿ ಎಳೆದ ಹಾಗೆ, ಬೀದಿಗಳ ಗುರುತು ಹಾಕಿದರು. ಹಕ್ಕಿಗಳ ಹಿಂಡು ಬಂದು ಹಿಟ್ಟನ್ನೆಲ್ಲ ತಿಂದು ಹೋಯಿತು. ಅಪಶಕುನ ಎಂದು ಅವನಿಗೆ ಚಿಂತೆ. ಶಕುನ ಹೇಳುವವರು ಮಾತ್ರ ಈ ಊರು ಬಹಳ ಜನರಿಗೆ ಅನ್ನ ಹಾಕುತ್ತದೆ ಅಂದರು.

ಬ್ಯಾಬಿಲಾನಿನವರು ಅವನ ಬಗ್ಗೆ ಏನಾದರೂ ಬರೆದಿಟ್ಟಿದ್ದಾರಾ?

ಬರೆದಿದ್ದಾರೆ. ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಅಲೆಕ್ಸಾಂಡರ್ ಬಗ್ಗೆ ನಾವು ಓದುವ ಗ್ರೀಕ್, ರೋಮನ್ ಚರಿತ್ರೆಗಳೆಲ್ಲ ಅವನು ಸತ್ತು ಮುನ್ನೂರು, ನಾನೂರು ವರ್ಷಗಳ ನಂತರ ಬರೆದವು. ಜೊತೆಗಿದ್ದವರು ಬರೆದ ಪುಸ್ತಕಗಳು ಕಳೆದುಹೋಗಿವೆ, ಅವುಗಳ ತುಣುಕು ಮಾತ್ರ ಬೇರೆಯವರ ಬರಹದಲ್ಲಿ ಉಳಿದಿದೆ. ಆದರೆ ಈಗಿನ ಇರಾಕಿನಲ್ಲಿದ್ದ ಬ್ಯಾಬಿಲಾನಿನ ಗುಡಿಗಳಲ್ಲಿ ಆಕಾಶ ನೋಡುವ ಪಂಡಿತರಿದ್ದರು. ಅವರು ರಾತ್ರಿ ರಾತ್ರಿ ಚಂದ್ರ, ಗ್ರಹ, ಮೋಡಗಳ ಲೆಕ್ಕವನ್ನು ಹಸಿ ಮಣ್ಣಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಜೊತೆಗೆ ಆ ತಿಂಗಳು ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆಯ ಧಾರಣೆ ಎಷ್ಟಿತ್ತು, ಯೂಫ್ರಟಿಸ್ ನದಿಯ ನೀರು ಎಷ್ಟು ಏರಿತು ಎಂದೂ ಬರೆಯುತ್ತಿದ್ದರು. ಆ ಲೆಕ್ಕದ ನಡುವೆ ಸಾಮ್ರಾಜ್ಯ ಬಿದ್ದ ಸುದ್ದಿಯೂ ಬರುತ್ತದೆ.

331ರ ಹಲಗೆಯಲ್ಲಿ ಡೇರಿಯಸ್‌ನ ಪಾಳೆಯದಲ್ಲಿ ದಿಗಿಲು ಹಬ್ಬಿದ್ದು, ಕಾಳಗದ ದಿನ ಸೈನ್ಯ ರಾಜನನ್ನು ಬಿಟ್ಟುಹೋದದ್ದು ದಾಖಲಾಗಿದೆ. ಗಾಗಮೇಲ ಕಾಳಗ ನಡೆದದ್ದು ಅಕ್ಟೋಬರ್ 1 ಎಂದು ಇಷ್ಟು ಖಚಿತವಾಗಿ ಹೇಳಲು ಆಗುವುದು ಈ ಹಲಗೆಯಿಂದಲೇ. ಆಮೇಲೆ ಹೊಸ ರಾಜನಿಂದ ಊರಿಗೆ ಬಂದ ಮಾತು: ‘ನಿಮ್ಮ ಮನೆಗಳಿಗೆ ನಾನು ನುಗ್ಗುವುದಿಲ್ಲ.’ ಊರಿನ ಜನಕ್ಕೆ ಬೇಕಾಗಿದ್ದ ಸುದ್ದಿ ಅದೊಂದೇ, ಅಲ್ವಾ?

ಎಂಟು ವರ್ಷಗಳ ನಂತರ, 323ರ ಜೂನ್ ತಿಂಗಳಿನ ಹಲಗೆ. ಅಲ್ಲಿ ಬರೆದದ್ದು ಇಷ್ಟೇ: ರಾಜ ಸತ್ತ, ಮೋಡ. ಮೋಡ ಕವಿದಿದ್ದರಿಂದ ಆ ದಿನ ಆಕಾಶ ಕಾಣಲಿಲ್ಲ ಎಂದು ಅರ್ಥ. ಜಗತ್ತನ್ನು ಗೆದ್ದವನ ಸಾವಿಗೂ ಅಂದಿನ ಮೋಡಕ್ಕೂ ಒಂದೇ ಸಾಲು.

ಪರ್ಸೆಪೊಲಿಸ್ ಅರಮನೆಗೆ ಬೆಂಕಿ ಇಟ್ಟದ್ದು ನಿಜವಾ?

ನಿಜ, ಕ್ರಿ.ಪೂ. 330ರಲ್ಲಿ. ಹಿಂದೆ ಅಥೆನ್ಸನ್ನು ಪರ್ಷಿಯನ್ನರು ಸುಟ್ಟಿದ್ದಕ್ಕೆ ಸೇಡು ಎಂದು ಕೆಲವರು ಬರೆದರು. ಕುಡಿದ ಅಮಲಿನಲ್ಲಿ, ಥಾಯಿಸ್ ಎಂಬ ಅಥೆನ್ಸಿನ ಹೆಣ್ಣಿನ ಮಾತು ಕೇಳಿ ಮಾಡಿದ ಎಂದು ಇನ್ನು ಕೆಲವರು. ಮೊದಲು ಖಜಾನೆಯನ್ನು ಪೂರ್ತಿ ಖಾಲಿ ಮಾಡಿದ್ದ ಎನ್ನುವುದರಲ್ಲಿ ಮಾತ್ರ ಜಗಳವಿಲ್ಲ. ಆ ಸಂಪತ್ತು ಹೊರಲು 10 ಸಾವಿರ ಜೋಡಿ ಹೇಸರಗತ್ತೆ, 5 ಸಾವಿರ ಒಂಟೆ ಬೇಕಾದವು ಎಂದು ಪ್ಲೂಟಾರ್ಕ್ ಹೇಳುತ್ತಾನೆ.

ಇದೇ ಮನುಷ್ಯ ಪಸಾರ್ಗಡೆಯಲ್ಲಿ ಪರ್ಷಿಯದ ಮೂಲಪುರುಷ ಸೈರಸ್‌ನ ಸಮಾಧಿ ಲೂಟಿಯಾಗಿದ್ದನ್ನು ಕಂಡು ನೊಂದ. ಅದನ್ನು ಸರಿಪಡಿಸಲು ತನ್ನ ಜೊತೆಗಾರ ಅರಿಸ್ಟೋಬುಲಸ್‌ಗೆ ಹೇಳಿದ. ಆ ಸಮಾಧಿ ಇನ್ನೂ ನಿಂತಿದೆ.

ಇರಾನಿನ ಹಳೆಯ ಜರತುಷ್ಟ್ರ ಧರ್ಮದವರು ಮಾತ್ರ ಅವನನ್ನು ಕ್ಷಮಿಸಲಿಲ್ಲ. ಅವರ ಗ್ರಂಥಗಳಲ್ಲಿ ಅವನ ಹೆಸರಿಗೆ ‘ಶಾಪಗ್ರಸ್ತ’ ಎಂಬ ಬಿರುದು ಅಂಟಿಕೊಂಡಿದೆ. ನಮ್ಮ ಪವಿತ್ರ ಗ್ರಂಥ ಸುಟ್ಟವನು ಅನ್ನುತ್ತಾರೆ. ಆದರೆ ಸಾವಿರ ವರ್ಷ ಕಳೆದ ಮೇಲೆ ಫಿರ್ದೌಸಿ ಬರೆದ ಪರ್ಷಿಯನ್ ಕಾವ್ಯ ಶಾಹನಾಮೆಯಲ್ಲಿ ಅವನು ಪರ್ಷಿಯದ ರಾಜನಿಗೇ ಹುಟ್ಟಿದ ಮಗ! ಸೋತದ್ದು ಹೊರಗಿನವನಿಗಲ್ಲ, ಮನೆಯ ಮಗನಿಗೇ ಎಂದು ಕಥೆ ಮಾಡಿಕೊಂಡರು. ಸೋತ ಜನ ಮನಸ್ಸು ಸಮಾಧಾನ ಮಾಡಿಕೊಳ್ಳುವ ಈ ಬಗೆ ನನ್ನನ್ನು ತುಂಬ ತಟ್ಟುತ್ತದೆ.

ಅವನು ಪರ್ಷಿಯನ್ ಬಟ್ಟೆ ಹಾಕಿಕೊಂಡದ್ದಕ್ಕೆ ಸ್ವಂತ ಸೈನ್ಯವೇ ಸಿಟ್ಟಾಗಿತ್ತಂತೆ?

ಹೌದು. ಬಟ್ಟೆಗಿಂತ ನಮಸ್ಕಾರದ ಜಗಳ ದೊಡ್ಡದಾಯಿತು. ಪರ್ಷಿಯದಲ್ಲಿ ರಾಜನ ಮುಂದೆ ಬಾಗುವುದು ಮರ್ಯಾದೆ. ಗ್ರೀಕರಿಗೆ ಹಾಗೆ ಬಾಗುವುದು ದೇವರಿಗೆ ಮಾತ್ರ. ಒಂದೇ ಆಸ್ಥಾನದಲ್ಲಿ ಒಬ್ಬ ಬಾಗುತ್ತಾನೆ, ಇನ್ನೊಬ್ಬ ನೆಟ್ಟಗೆ ನಿಂತು ನೋಡುತ್ತಾನೆ. ಅರಿಸ್ಟಾಟಲ್‌ನ ಸಂಬಂಧಿ ಕ್ಯಾಲಿಸ್ತನಿಸ್ ಬಾಗಲು ಒಪ್ಪಲಿಲ್ಲ, ಮುಂದೆ ಪ್ರಾಣವನ್ನೇ ಕಳೆದುಕೊಂಡ. 328ರಲ್ಲಿ ಸಮರ್‌ಕಂದದ ಒಂದು ಔತಣದಲ್ಲಿ ಕ್ಲೈಟಸ್ ಎಂಬ ಹಳೆಯ ಸೇನಾಧಿಕಾರಿ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ. ಇಬ್ಬರೂ ಕುಡಿದಿದ್ದರು. ಅಲೆಕ್ಸಾಂಡರ್ ಈಟಿ ಕಿತ್ತುಕೊಂಡು ಅವನನ್ನು ಇರಿದು ಕೊಂದ. ಗ್ರಾನಿಕಸ್ ಕಾಳಗದಲ್ಲಿ ಅಲೆಕ್ಸಾಂಡರನ ಜೀವ ಉಳಿಸಿದ್ದವನು ಇದೇ ಕ್ಲೈಟಸ್.

324ರಲ್ಲಿ ಸುಸಾ ಪಟ್ಟಣದಲ್ಲಿ ಸಾಮೂಹಿಕ ಮದುವೆ ನಡೆಯಿತು. ಸುಮಾರು 80 ಜನ ಅಧಿಕಾರಿಗಳಿಗೆ ಪರ್ಷಿಯದ ದೊಡ್ಡ ಮನೆತನಗಳ ಹೆಣ್ಣು. ಮಧ್ಯ ಏಷ್ಯಾದ ರೊಕ್ಸಾನಾಳನ್ನು ಮೊದಲೇ ಮದುವೆಯಾಗಿದ್ದ ಅಲೆಕ್ಸಾಂಡರ್, ಅಲ್ಲಿ ಡೇರಿಯಸ್‌ನ ಮಗಳನ್ನೂ ಕಟ್ಟಿಕೊಂಡ. ಅವನು ಸತ್ತ ಮೇಲೆ ಈ ಮದುವೆಗಳು ಹೆಚ್ಚು ದಿನ ಬಾಳಲಿಲ್ಲ. ಉಳಿದ ದೊಡ್ಡ ಜೋಡಿ ಸೆಲ್ಯೂಕಸ್ ಮತ್ತು ಅಪಾಮಾ. ಅಪಾಮಾಳ ಅಪ್ಪ ಸ್ಪಿಟಮೆನಿಸ್, ಮಧ್ಯ ಏಷ್ಯಾದ ಸೊಗ್ಡಿಯಾನದ ಬೆಟ್ಟಗಾಡಿನಲ್ಲಿ ಅಲೆಕ್ಸಾಂಡರನನ್ನು ಎಲ್ಲರಿಗಿಂತ ಜಾಸ್ತಿ ಗೋಳಾಡಿಸಿದ ಬಂಡಾಯಗಾರ. ಅವನ ಮೊಮ್ಮಗನೇ ಮುಂದೆ ಸೆಲ್ಯೂಕಸ್ ಸಾಮ್ರಾಜ್ಯದ ಎರಡನೇ ರಾಜನಾದ.

ಪೋರಸ್ ಗೆದ್ದಿದ್ದನಂತೆ, ನಮಗೆ ಸುಳ್ಳು ಇತಿಹಾಸ ಹೇಳಿಕೊಟ್ಟಿದ್ದಾರಂತೆ. ನಿಜವಾ?

ಇದು ವಾಟ್ಸಾಪ್‌ನಲ್ಲಿ ಆಗಾಗ ಸುತ್ತುವ ಮಾತು. ಪೋರಸ್ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಗ್ರೀಕ್, ರೋಮನ್ ಬರಹಗಳಿಂದಲೇ. ಆ ಕಾಲದ ಭಾರತೀಯ ಬರಹ ಯಾವುದರಲ್ಲೂ ಈ ಯುದ್ಧ ಇಲ್ಲ. ಪೋರಸ್ ಎಂಬ ಹೆಸರೂ ಗ್ರೀಕರು ಉಚ್ಚರಿಸಿದ ರೂಪ. ಪುರು ಅಥವಾ ಪೌರವ ಇರಬಹುದು ಎಂದು ಊಹೆ. ಆ ಬರಹಗಳೆಲ್ಲ ಅಲೆಕ್ಸಾಂಡರ್ ಗೆದ್ದ ಎಂದೇ ಹೇಳುತ್ತವೆ. ಆದರೆ ಅವೇ ಬರಹಗಳು ಪೋರಸ್‌ನನ್ನು ಹೊಗಳುವ ರೀತಿ ನೋಡಿದರೆ, ಅವನ ಮರ್ಯಾದೆಗೆ ನಾವು ಸುಳ್ಳು ಸೇರಿಸುವ ಅಗತ್ಯವೇ ಇಲ್ಲ.

ಕ್ರಿ.ಪೂ. 326. ಝೇಲಂ ನದಿ ತುಂಬಿ ಹರಿಯುತ್ತಿದೆ. ಈ ದಡದಲ್ಲಿ ಅಲೆಕ್ಸಾಂಡರ್, ಆ ದಡದಲ್ಲಿ ಪೋರಸ್‌ನ ಆನೆಗಳು. ಕುದುರೆಗಳಿಗೆ ಆನೆಯ ವಾಸನೆ ಆಗದು, ನದಿ ದಾಟಿಸಿದರೂ ದಡ ಹತ್ತುವುದಿಲ್ಲ. ಅಲೆಕ್ಸಾಂಡರ್ ರಾತ್ರಿ ರಾತ್ರಿ ಸುಮ್ನೆ ಗಲಾಟೆ ಮಾಡಿಸಿದ. ಪ್ರತಿ ಸಲವೂ ಪೋರಸ್ ಸೈನ್ಯ ಎದ್ದು ಬಂದು ಕಾಯಬೇಕು. ಕೊನೆಗೆ ಅವರಿಗೆ ಬೇಸತ್ತು ಹೋಯಿತು. ಆಗ ಗುಡುಗು ಮಳೆಯ ಒಂದು ರಾತ್ರಿ, ಪಾಳೆಯದಿಂದ 25 ಕಿಲೋಮೀಟರಿಗೂ ಹೆಚ್ಚು ಮೇಲೆ ಹೋಗಿ ನದಿ ದಾಟಿದ. ಬೆಳಗ್ಗೆ ಪೋರಸ್‌ನ ಮಗ ತಡೆಯಲು ಬಂದ. ರಥಗಳು ಕೆಸರಿನಲ್ಲಿ ಹೂತುಹೋದವು, ಮಗ ಸತ್ತ.

ಆನೆಗಳು ಈಟಿಯ ಸಾಲಿಗೆ ನುಗ್ಗಿ ಬಹಳ ಜನರನ್ನು ತುಳಿದವು. ಮಾವುತರು ಬಿದ್ದ ಮೇಲೆ, ಗಾಯಗೊಂಡ ಆನೆಗಳು ತಮ್ಮವರನ್ನೂ ತುಳಿದವು. ಪೋರಸ್ ಓಡಲಿಲ್ಲ. ಬಲಭುಜಕ್ಕೆ ಗಾಯವಾಗುವ ತನಕ ಆನೆಯ ಮೇಲಿಂದಲೇ ಹೊಡೆದಾಡಿದ. ಅವನನ್ನು ಹೊತ್ತಿದ್ದ ಆನೆ, ಅವನು ಸೋತದ್ದು ಗೊತ್ತಾಗಿ, ಮೆಲ್ಲಗೆ ಮಂಡಿಯೂರಿ ಇಳಿಸಿ, ಸೊಂಡಿಲಿನಿಂದ ಅವನ ಮೈಗೆ ಚುಚ್ಚಿದ್ದ ಈಟಿಗಳನ್ನು ಒಂದೊಂದಾಗಿ ಕಿತ್ತಿತಂತೆ. ಇದು ಪ್ಲೂಟಾರ್ಕ್ ಹೇಳಿದ್ದು. ಹೇಗೆ ನಡೆಸಿಕೊಳ್ಳಲಿ ಎಂದು ಕೇಳಿದರೆ ಪೋರಸ್, ರಾಜನನ್ನು ನಡೆಸಿಕೊಳ್ಳುವ ಹಾಗೆ ಅಂದ. ಅಲೆಕ್ಸಾಂಡರ್ ರಾಜ್ಯ ಹಿಂದಕ್ಕೆ ಕೊಟ್ಟು, ಇನ್ನಷ್ಟು ಸೇರಿಸಿದ. ಇದರಲ್ಲಿ ದೊಡ್ಡತನ ಇತ್ತು, ಲೆಕ್ಕಾಚಾರವೂ ಇತ್ತು. ಅಷ್ಟು ದೂರದ ನಾಡನ್ನು ಕಾಯಲು ಪೋರಸ್‌ಗಿಂತ ಗಟ್ಟಿಯಾದ ಆಳು ಇನ್ನೆಲ್ಲಿ ಸಿಗುತ್ತಿದ್ದ?

ಹಾಗಾದರೆ ಬಿಯಾಸ್ ನದಿಯಿಂದ ವಾಪಸ್ ಹೋದದ್ದು ಯಾಕೆ?

ಸೈನಿಕರು ಮುಂದೆ ಬರುವುದಿಲ್ಲ ಅಂದರು. ಮನೆ ಬಿಟ್ಟು ಎಂಟು ವರ್ಷ. 70 ದಿನ ಬಿಡದೆ ಮಳೆ ಸುರಿದಿತ್ತು. ಕುದುರೆಗಳ ಗೊರಸು ಸವೆದಿತ್ತು. ಊರಿಂದ ಉಟ್ಟು ಬಂದ ಬಟ್ಟೆ ಹರಿದು, ಇಲ್ಲಿನ ಬಟ್ಟೆಯನ್ನೇ ಕತ್ತರಿಸಿ ಹೊಲಿದು ಹಾಕಿಕೊಂಡಿದ್ದರು. ಆನೆಗಳ ಜೊತೆ ಒಂದು ಸಲ ಹೊಡೆದಾಡಿ ಸಾಕಾಗಿತ್ತು. ಆಗ ಬಂದ ಸುದ್ದಿ: ಮುಂದೆ ಗಂಗೆಯ ಕಡೆ ನಂದರ ರಾಜ್ಯವಿದೆ, ಅವರ ಹತ್ತಿರ ಸಾವಿರಾರು ಆನೆಗಳಿವೆ. ಅಲೆಕ್ಸಾಂಡರ್ ಮೂರು ದಿನ ಡೇರೆಯಿಂದ ಹೊರಗೆ ಬರಲಿಲ್ಲ. ಯಾರೂ ಕರಗಲಿಲ್ಲ. ಕೊನೆಗೆ ನದಿಯ ದಡದಲ್ಲಿ 12 ಬಲಿಪೀಠ ಕಟ್ಟಿಸಿ ಹಿಂದಕ್ಕೆ ತಿರುಗಿದ.

ಬೆತ್ತಲೆ ಸಾಧುಗಳ ಜೊತೆ ಅವನು ಮಾತಾಡಿದ ಕಥೆ ನಿಜವೇ?

ಭೇಟಿ ನಡೆದದ್ದು ನಿಜ. ತಕ್ಷಶಿಲೆಯ ಹೊರಗೆ ಸುಡುವ ಕಲ್ಲುಗಳ ಮೇಲೆ 15 ಜನ ಬೆತ್ತಲೆ ಸಾಧುಗಳು ಕೂತು, ನಿಂತು, ಮಲಗಿ ಇದ್ದರು. ಅವರು ತಾವಾಗಿ ರಾಜನ ಬಳಿ ಬರುವವರಲ್ಲ. ಹಾಗಾಗಿ ಅಲೆಕ್ಸಾಂಡರ್ ಒನೆಸಿಕ್ರಿಟಸ್ ಎಂಬುವನನ್ನು ಕಳಿಸಿದ. ಕಲಾನಸ್ ಎಂಬ ಸಾಧು ಇವನ ಟೋಪಿ, ಬೂಟು, ಬಟ್ಟೆ ನೋಡಿ ನಕ್ಕ. ನಮ್ಮ ಮಾತು ಕೇಳಬೇಕಾದರೆ ಎಲ್ಲ ಬಿಚ್ಚಿ ಈ ಕಲ್ಲಿನ ಮೇಲೆ ಬಂದು ಮಲಗು ಅಂದ.

ಮಂದಾನಿಸ್ ಎಂಬ ಹಿರಿಯ ಸಾಧು ಸ್ವಲ್ಪ ಮೃದು. ಇಷ್ಟು ದೊಡ್ಡ ರಾಜ್ಯ ಆಳುವವನಿಗೆ ಜ್ಞಾನದ ಆಸೆ ಇರುವುದೇ ಸಂತೋಷ ಅಂದ. ಆದರೆ ಒಂದು ಮಾತು ಸೇರಿಸಿದ. ನಡುವೆ ಮೂವರು ದುಭಾಷಿಗಳಿದ್ದಾರೆ. ಅವರಿಗೆ ಭಾಷೆ ಬಿಟ್ಟರೆ ಬೇರೇನೂ ತಿಳಿಯದು. ಇವರ ಮೂಲಕ ನಮ್ಮ ತತ್ವ ಹೇಳುವುದು, ಕೆಸರಿನ ಮೂಲಕ ಹರಿದ ನೀರು ತಿಳಿಯಾಗಿ ಬರಲಿ ಎಂದು ಕಾದ ಹಾಗೆ.

ಅಲೆಕ್ಸಾಂಡರನ ಇಡೀ ದಂಡಯಾತ್ರೆಯಲ್ಲಿ ಯಾರಾದರೂ ಆಡಿದ ಅತ್ಯಂತ ನಿಜವಾದ ಮಾತು ಇದು ಅಂತ ನನಗನ್ನಿಸುತ್ತದೆ. ಗ್ರೀಕರು ನಮ್ಮ ಬಗ್ಗೆ ಬರೆದದ್ದನ್ನು ಓದುವಾಗೆಲ್ಲ ಈ ಕೆಸರನ್ನು ನೆನಪಿಡಬೇಕು. ಹತ್ತಿಯನ್ನು ಕಂಡು ಮರದಲ್ಲಿ ಬೆಳೆಯುವ ಉಣ್ಣೆ ಅಂದರು. ಕಬ್ಬನ್ನು ಕಂಡು ಜೇನುಹುಳವಿಲ್ಲದೆ ಜೇನು ಕೊಡುವ ಜೊಂಡು ಅಂದರು. ಸಿಂಧೂ ನದಿಯಲ್ಲಿ ಮೊಸಳೆ ಕಂಡ ಅಲೆಕ್ಸಾಂಡರ್, ನೈಲ್ ನದಿ ಇಲ್ಲೇ ಹುಟ್ಟುತ್ತದೆ ಎಂದು ಸ್ವಲ್ಪ ದಿನ ನಂಬಿದ್ದ! ಆದರೆ ಬದುಗಳ ನಡುವೆ ನಿಲ್ಲಿಸಿದ ನೀರಿನಲ್ಲಿ ಭತ್ತ ಬೆಳೆಯುವುದನ್ನು ಅರಿಸ್ಟೋಬುಲಸ್ ಸರಿಯಾಗಿ ನೋಡಿ ಬರೆದ. ಕಣ್ಣಿಗೆ ಕಂಡದ್ದು ಅಷ್ಟಿಷ್ಟು ದಾಟಿತು, ಬಾಯಿಂದ ಬಾಯಿಗೆ ಹೋದದ್ದು ಕಲಕಿತು.

ಕಲಾನಸ್ ಸೈನ್ಯದ ಜೊತೆಗೇ ಹೋದ. ಪರ್ಷಿಯದಲ್ಲಿ 73ನೇ ವಯಸ್ಸಿಗೆ ಮೊದಲ ಬಾರಿ ಕಾಯಿಲೆ ಬಿದ್ದ. ಔಷಧ ಬೇಡವೆಂದು ಚಿತೆ ಸಿದ್ಧ ಮಾಡಿಸಿ, ಎಲ್ಲರೆದುರು ಅದರ ಮೇಲೆ ಮಲಗಿ ಅಲುಗಾಡದೆ ಉರಿದುಹೋದ.

ಅವನನ್ನು ‘ಮಹಾನ್’ ಅನ್ನಬೇಕಾ?

ನಾನು ಅನ್ನುವುದಿಲ್ಲ. 335ರಲ್ಲಿ ಗ್ರೀಕರದೇ ಪಟ್ಟಣ ಥೀಬ್ಸನ್ನು ನೆಲಸಮ ಮಾಡಿ 30 ಸಾವಿರ ಜನರನ್ನು ಗುಲಾಮರಾಗಿ ಮಾರಿದ. ಈಗಿನ ಲೆಬನಾನಿನ ಟೈರ್ ದ್ವೀಪಕ್ಕೆ ಏಳು ತಿಂಗಳು ಮುತ್ತಿಗೆ ಹಾಕಿ, ಕಡಲಿಗೆ ಕಲ್ಲು ಮಣ್ಣು ಸುರಿದು ದಾರಿ ಮಾಡಿಕೊಂಡು ಒಳಗೆ ನುಗ್ಗಿದ. ಅಲ್ಲೂ ಸುಮಾರು 30 ಸಾವಿರ ಜನ ಗುಲಾಮರಾದರು. ಸ್ವಾತ್ ಕಣಿವೆಯ ಮಸಾಗದಲ್ಲಿ, ಒಪ್ಪಂದ ಮಾಡಿಕೊಂಡು ಹೊರಗೆ ಬಂದ ಬಾಡಿಗೆ ಸೈನಿಕರನ್ನು ಸುತ್ತುವರಿದು ಕೊಂದ. ಅವನನ್ನು ಮೆಚ್ಚುವ ಪ್ಲೂಟಾರ್ಕ್ ಕೂಡ ಇದನ್ನು ಕಳಂಕ ಎಂದೇ ಕರೆದ. ಅವನ ಧೈರ್ಯ, ಚುರುಕು ಎರಡನ್ನೂ ಒಪ್ಪುತ್ತೇನೆ. ಆದರೆ ಮಸಾಗದ ಆ ರಾತ್ರಿಯನ್ನು ಓದಿದ ಮೇಲೆ ಆ ಬಿರುದು ಬರೆಯಲು ಕೈ ಬರುವುದಿಲ್ಲ.

‘ಸಿಕಂದರ್’ ಅನ್ನುವ ಹೆಸರು ಎಲ್ಲಿಂದ ಬಂತು?

ಅರಬ್ಬರು ಅಲೆಕ್ಸಾಂಡರ್‌ನ ಮೊದಲ ‘ಅಲ್’ ಅನ್ನು ತಮ್ಮ ಭಾಷೆಯಲ್ಲಿ ಹೆಸರುಗಳ ಮುಂದೆ ಸೇರಿಸುವ ‘ಅಲ್’ ಎಂದೇ ತಿಳಿದು ಬಿಟ್ಟುಬಿಟ್ಟರು. ಉಳಿದದ್ದು ಇಸ್ಕಂದರ್. ಅದೇ ಪರ್ಷಿಯನ್ ದಾಟಿ ಇಲ್ಲಿಗೆ ಬರುವಾಗ ಸಿಕಂದರ್ ಆಯಿತು.

ಅಶೋಕನ ಶಾಸನದಲ್ಲಿ ಅಲೆಕ್ಸಾಂಡರ್ ಹೆಸರು ಇದೆ ಅನ್ನುತ್ತಾರಲ್ಲ?

13ನೇ ಬಂಡೆ ಶಾಸನದಲ್ಲಿ ‘ಅಲಿಕಸುದರ’ ಎಂಬ ಯವನ, ಅಂದರೆ ಗ್ರೀಕ್, ರಾಜನ ಹೆಸರಿದೆ. ಆದರೆ ಅವನು ನಮ್ಮ ಅಲೆಕ್ಸಾಂಡರ್ ಅಲ್ಲ. ಅಶೋಕನ ಕಾಲಕ್ಕೆ ಇವನು ಸತ್ತು ಅರ್ಧ ಶತಮಾನದ ಮೇಲಾಗಿತ್ತು. ಅದು ಗ್ರೀಸಿನ ಎಪೈರಸ್ ಅಥವಾ ಕೊರಿಂತ್‌ನ ಅದೇ ಹೆಸರಿನ ಇನ್ನೊಬ್ಬ ದೊರೆ. ಸಿರಿಯ, ಈಜಿಪ್ಟ್, ಮ್ಯಾಸಿಡೋನಿಯ, ಸಿರೀನ್ ರಾಜರ ಹೆಸರುಗಳೂ ಅಲ್ಲೇ ಇವೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಗ.

ಅವನು ಸತ್ತ ಮೇಲೆ ಏನಾಯಿತು? ಚಂದ್ರಗುಪ್ತ ಎಲ್ಲಿ ಬರುತ್ತಾನೆ?

ಸೇನಾಧಿಪತಿಗಳು ರಾಜ್ಯ ಹಂಚಿಕೊಂಡು 40 ವರ್ಷ ಹೊಡೆದಾಡಿದರು. ಟಾಲೆಮಿಗೆ ಈಜಿಪ್ಟ್, ಸೆಲ್ಯೂಕಸ್‌ಗೆ ಏಷ್ಯಾದ ಬಹುಭಾಗ. ರೊಕ್ಸಾನಾ ಮತ್ತು ಅವಳ ಮಗನನ್ನು ಕೊಂದುಹಾಕಿದರು.

ಅಷ್ಟರಲ್ಲಿ ಇಲ್ಲಿ ಚಂದ್ರಗುಪ್ತ ಮೌರ್ಯ ನಂದರನ್ನು ಕೆಳಗಿಳಿಸಿದ್ದ. ಅವನು ಹುಡುಗನಾಗಿದ್ದಾಗ ಅಲೆಕ್ಸಾಂಡರನನ್ನು ಕಂಡಿದ್ದ ಎಂದು ಪ್ಲೂಟಾರ್ಕ್ ಹೇಳುತ್ತಾನೆ. ಸೆಲ್ಯೂಕಸ್ ಸಿಂಧೂ ತನಕ ಬಂದವನು ಕೊನೆಗೆ ಒಪ್ಪಂದ ಮಾಡಿಕೊಂಡ. ಚಂದ್ರಗುಪ್ತನಿಗೆ ಪಶ್ಚಿಮದ ಪ್ರಾಂತ್ಯಗಳು, ಸೆಲ್ಯೂಕಸ್‌ಗೆ 500 ಆನೆ. ಆ ಆನೆಗಳು ಸೇನಾಧಿಪತಿಗಳ ನಡುವೆ ನಡೆದ ಇಪ್ಸಸ್ ಕಾಳಗದಲ್ಲಿ ಸೆಲ್ಯೂಕಸನನ್ನು ಗೆಲ್ಲಿಸಿದವು. ಮೆಗಸ್ತನೀಸ್ ಅವನ ರಾಯಭಾರಿಯಾಗಿ ಚಂದ್ರಗುಪ್ತನ ರಾಜಧಾನಿ ಪಾಟಲಿಪುತ್ರಕ್ಕೆ ಬಂದ. ಜೈನ ಪರಂಪರೆಯ ಪ್ರಕಾರ ಇದೇ ಚಂದ್ರಗುಪ್ತ ಕೊನೆಗೆ ಎಲ್ಲ ಬಿಟ್ಟು ಭದ್ರಬಾಹು ಮುನಿಗಳ ಜೊತೆ ನಮ್ಮ ಶ್ರವಣಬೆಳಗೊಳಕ್ಕೆ ಬಂದು, ಚಂದ್ರಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ.

ಗ್ರೀಕರದ್ದು ಇಲ್ಲಿ ಏನು ಉಳಿಯಿತು?

ಅಲೆಕ್ಸಾಂಡರ್ ಕೈಯಾರೆ ಉಳಿಸಿದ್ದು ಕಡಿಮೆ. ಅವನ ಹಿಂದೆ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಉಳಿಸಿದ್ದು ಬಹಳ. ಅಫ್ಘಾನಿಸ್ತಾನದ ಆಯ್ ಖಾನುಂನಲ್ಲಿ ನಾಟಕದ ಬಯಲು ರಂಗ, ಗರಡಿಮನೆ ಇದ್ದ ಗ್ರೀಕ್ ಪಟ್ಟಣವೇ ಸಿಕ್ಕಿದೆ. ದೂರದ ಗ್ರೀಸಿನ ಡೆಲ್ಫಿಯ ಗುಡಿಯಲ್ಲಿ ಕೆತ್ತಿದ್ದ ನೀತಿವಾಕ್ಯಗಳನ್ನು ಯಾರೋ ಒಬ್ಬ ಅಷ್ಟು ದೂರ ನಡೆದು ಬರೆದುಕೊಂಡು ಬಂದು ಇಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದ. ಅದೇ ಊರಿನಲ್ಲಿ ಅಗಥೋಕ್ಲಿಸ್ ಎಂಬ ಗ್ರೀಕ್ ರಾಜನ ನಾಣ್ಯಗಳು ಸಿಕ್ಕವು. ಒಂದು ಬದಿಗೆ ವಾಸುದೇವ (ಕೃಷ್ಣ), ಇನ್ನೊಂದು ಬದಿಗೆ ಸಂಕರ್ಷಣ (ಬಲರಾಮ). ಕಂದಹಾರದಲ್ಲಿ ಅಶೋಕ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಶಾಸನ ಹಾಕಿಸಿದ. ಅದರಲ್ಲಿ ‘ಧರ್ಮ’ಕ್ಕೆ ಗ್ರೀಕರ ‘ಯುಸೇಬಿಯ’ ಎಂಬ ಮಾತು ಬಳಸಿದ್ದಾರೆ. ಮಂದಾನಿಸ್ ಹೇಳಿದ ಕೆಸರು ಅಷ್ಟರಲ್ಲಿ ಸ್ವಲ್ಪ ತಿಳಿಯಾಗಿತ್ತು. ಎರಡೂ ಭಾಷೆಯನ್ನು ಒಳಗಿಂದ ಬಲ್ಲ ದುಭಾಷಿಗಳು ಹುಟ್ಟಿದ್ದರು.

ಕನ್ನಡಕ್ಕೂ ಇದಕ್ಕೂ ಏನಾದರೂ ನಂಟಿದೆಯಾ?

ನೇರವಾಗಿ ಇಲ್ಲ, ಅವನು ಬಿಯಾಸ್ ದಾಟಲಿಲ್ಲವಲ್ಲ. ಆದರೆ ದಿನವೂ ಆಡುವ ಮಾತಿನಲ್ಲಿ ಗ್ರೀಕ್ ಇದೆ. ಪಂಡಿತರ ಪ್ರಕಾರ ‘ಕೇಂದ್ರ’ ಎಂಬುದು ಗ್ರೀಕಿನ ‘ಕೆಂಟ್ರಾನ್’, ‘ಸುರಂಗ’ ಎಂಬುದು ‘ಸಿರಿಂಕ್ಸ್’. ಹಳೆಯ ನಾಣ್ಯ ‘ದ್ರಮ್ಮ’ ಅವರ ‘ಡ್ರಾಕ್ಮ’. ಇವು ನಂತರದ ಶತಮಾನಗಳಲ್ಲಿ ಸಂಸ್ಕೃತದ ಮೂಲಕ ಬಂದವು. ಗೋಡೆಗೆ ತೂಗುಹಾಕಿದ ಪಂಚಾಂಗ ತೆಗೆದು ನೋಡಿ. ಮೇಷದಿಂದ ಮೀನದ ತನಕ 12 ರಾಶಿಗಳು ಬ್ಯಾಬಿಲಾನಿನಲ್ಲಿ ಹುಟ್ಟಿ, ಗ್ರೀಕರ ಕೈ ದಾಟಿ ಇಲ್ಲಿಗೆ ಬಂದವು. ‘ಹೋರೆ’ ಎಂಬ ಮಾತೂ ಗ್ರೀಕಿನದೇ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಬಲ್ಲವರಾದ್ದರಿಂದ ಋಷಿಗಳಂತೆ ಪೂಜ್ಯರು ಎಂಬ ಹಳೆಯ ಮಾತನ್ನು ವರಾಹಮಿಹಿರ ತನ್ನ ಗ್ರಂಥದಲ್ಲಿ ಸೇರಿಸಿದ್ದಾನೆ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ವಿಷಯವನ್ನೂ ಬಹಳ ಜನ ಕೇಳುತ್ತಾರೆ. ಅದರಲ್ಲಿ ಭಾರತದ ಕಡಲ ತೀರದ ಪಾತ್ರಗಳು ಆಡುವ ಮಾತು ಕನ್ನಡ ಎಂದು ಕೆಲವು ವಿದ್ವಾಂಸರು ಓದಿದರು. ಎಲ್ಲರೂ ಒಪ್ಪಿಲ್ಲ. ಹೇಗೂ ಅದು ಅಲೆಕ್ಸಾಂಡರನ ಕಾಲಕ್ಕಿಂತ ಶತಮಾನಗಳ ಈಚಿನದು.

ಶವಪೆಟ್ಟಿಗೆಯಿಂದ ಖಾಲಿ ಕೈ ಹೊರಗಿಡಿ ಅಂದದ್ದು?

ಪ್ರವಚನಗಳಲ್ಲಿ ನಾನೂ ಕೇಳಿದ್ದೇನೆ. ಹಳೆಯ ಗ್ರೀಕ್, ರೋಮನ್ ಚರಿತ್ರೆಗಳಲ್ಲಿ ಈ ಮಾತಿಲ್ಲ. ಬಹಳ ನಂತರ ಹುಟ್ಟಿದ ಕಥೆ. ಅಲ್ಲಿರುವುದು ಬೇರೆ ಚಿತ್ರ. ಹತ್ತು ದಿನಕ್ಕೂ ಮೀರಿದ ಜ್ವರ, ಮಾತು ನಿಂತುಹೋಗಿತ್ತು. ರಾಜ ಸತ್ತುಹೋಗಿದ್ದಾನೆ, ಮುಚ್ಚಿಡುತ್ತಿದ್ದಾರೆ ಎಂದು ಸೈನಿಕರಿಗೆ ಅನುಮಾನ. ನೋಡಲೇಬೇಕು ಎಂದು ಹಟ ಹಿಡಿದರು. ಒಬ್ಬೊಬ್ಬರಾಗಿ ಹಾಸಿಗೆಯ ಮುಂದಿನಿಂದ ಸಾಗಿಹೋದರು. ಅವನು ಕಷ್ಟಪಟ್ಟು ತಲೆ ಎತ್ತಿ, ಪ್ರತಿಯೊಬ್ಬನಿಗೂ ಕಣ್ಣಲ್ಲೇ ಗುರುತು ಹೇಳಿದ ಎಂದು ಚರಿತ್ರೆಕಾರ ಅರಿಯನ್ ಬರೆಯುತ್ತಾನೆ. ಆಗ ಅವನಿಗೆ ಇನ್ನೂ 33 ತುಂಬಿರಲಿಲ್ಲ.

ಸಮಾಧಿ ಎಲ್ಲಿದೆ?

ಟಾಲೆಮಿ ಶವಯಾತ್ರೆಯನ್ನು ದಾರಿಯಲ್ಲೇ ತಡೆದು ಹೆಣವನ್ನು ಈಜಿಪ್ಟಿಗೆ ಒಯ್ದ. ಅಲೆಕ್ಸಾಂಡ್ರಿಯದ ಸಮಾಧಿಗೆ ರೋಮ್‌ನ ಆಗಸ್ಟಸ್ ಬಂದು ನಮಿಸಿದ್ದ. ಈಗ ಜಾಗ ಸಿಕ್ಕಿಲ್ಲ.

ಇದೆಲ್ಲದರ ಕುರುಹನ್ನು ಕಣ್ಣಾರೆ ನೋಡಬೇಕು. ದೂರ ಹೋಗಲು ಆಗದು. ಏನು ಮಾಡಲಿ?

ಎರಡು ಜಾಗ ಹೇಳುತ್ತೇನೆ. ಒಂದು, ಮಧ್ಯಪ್ರದೇಶದ ವಿದಿಶೆ. ಅಲ್ಲಿ ತಕ್ಷಶಿಲೆಯ ಗ್ರೀಕ್ ರಾಯಭಾರಿ ಹೆಲಿಯೊಡೋರಸ್ ವಾಸುದೇವನಿಗೆ ನಿಲ್ಲಿಸಿದ ಗರುಡಗಂಬ ಇದೆ. ಅದರ ಮೇಲಿನ ಬ್ರಾಹ್ಮಿ ಬರಹದಲ್ಲಿ ಅವನು ತನ್ನನ್ನು ಭಾಗವತ ಎಂದು ಕರೆದುಕೊಂಡಿದ್ದಾನೆ. ಇನ್ನೊಂದು ಇನ್ನೂ ಹತ್ತಿರ. ನಮ್ಮ ಬಳ್ಳಾರಿಯ ಆಚೆ, ಆಂಧ್ರದ ಎರ್ರಗುಡಿ. ಅಲ್ಲಿನ ಗುಡ್ಡದ ಬಂಡೆಗಳ ಮೇಲೆ ಅಶೋಕನ 14 ದೊಡ್ಡ ಶಾಸನಗಳನ್ನೂ ಕೆತ್ತಿದ್ದಾರೆ, ಯವನ ರಾಜರ ಹೆಸರಿರುವ 13ನೆಯದೂ ಸೇರಿ. ಬೆಳಗ್ಗೆ ಅಥವಾ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಚೆನ್ನಾಗಿ ಕಾಣುತ್ತವೆ.